ಕೊಂಡ ಎತ್ತಿನ ಹಲ್ಲು

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ನಮ್ಮಲ್ಲಿ ಗಾದೆಯುಂಟು. ಆದರೆ ದುಡ್ಡು ತೆತ್ತು ಕೊಳ್ಳುವ ಎತ್ತಿನ ಹಲ್ಲನ್ನು ನೋಡದೆ ಬರುವವನನ್ನು ಕುರಿತು ಗಾದೆಯಿದ್ದಂತೆ ಕಾಣೆ. ಬಹುಶಃ ಅಂಥವನು ಹುಟ್ಟಿಯಾನೆಂದು ನಮ್ಮ ಹಿರಿಯರು ಎಣಿಸಿರಲಿಲ್ಲವೋ ಏನೋ! ನಮ್ಮ ಅಜ್ಜ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ಮೊದಲು ಎತ್ತಿನ ಬಾಯಿ ಬಿಡಿಸಿ ನೋಡುತ್ತಿದ್ದರಂತೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಕಡೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದು. ಅಂಥ ಅಜ್ಜನ ಮೊಮ್ಮಗನಾಗಿ, ಬಿ.ಎ. ಓದಿ, ಚೆನ್ನೈಯ ಸರಕಾರಿ ಕಚೇರಿಯೊಂದರಲ್ಲಿ ದಿನವೆಲ್ಲ ಅನ್ಯರ ತಪ್ಪು ಲೆಕ್ಕಗಳನ್ನು ಹುಡುಕುವ ಗುಮಾಸ್ತನಾದ ನಾನು, 2022ರಲ್ಲಿ ಹಲ್ಲು ಎಣಿಸದೆ ಒಂದು ಪದಾರ್ಥವನ್ನು ಕೊಂಡು ತಂದೆ. ಅದು ಎತ್ತಲ್ಲ, ಹಳೆಯ ಸ್ಪೋರ್ಟ್ಸ್ ಕಾರಿನ ಡಿಫರೆನ್ಷಿಯಲ್ಲು. ಕೊಳ್ಳುವಾಗ ಪೆದ್ದನಾದೆ, ಮಾರುವಾಗ ಅದಕ್ಕಿಂತ ಕೆಟ್ಟದ್ದೇನೋ ಆಗುವುದರಲ್ಲಿದ್ದೆ. ಎರಡನ್ನೂ ವಾಚಕರ ಮುಂದೆ ಮುಚ್ಚಿಡದೆ ಹೇಳುತ್ತೇನೆ.

ನನ್ನ ಸೋದರಮಾವನವರಲ್ಲಿ ಒಂದು ಕಾರುಂಟು. ಟ್ರಯಂಫ್ ಸ್ಪಿಟ್‌ಫೈರ್ ಎಂದು ಅದರ ಹೆಸರು. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ 1962ರಿಂದ 1980ರವರೆಗೆ ತಯಾರಾದ, ಇಬ್ಬರೇ ಕೂರಬಹುದಾದ, ಮೇಲಿನ ಹೊದಿಕೆ ಮಡಿಸಿಡುವಂಥ ಪುಟ್ಟ ಗಾಡಿ. ಮಾವನವರದು ಅದರ ಮೂರನೆಯ ಮಾದರಿ, 1296 ಸಿ.ಸಿ. ಎಂಜಿನ್ನು, 75 ಅಶ್ವಶಕ್ತಿ. ಬ್ಯಾಂಕಿನ ನೌಕರಿಯಲ್ಲಿದ್ದಾಗ ಕಾಫಿ ತೋಟದ ಸಾಹುಕಾರರೊಬ್ಬರಿಂದ ಅದನ್ನು ಕೊಂಡರಂತೆ. ಮನೆಗೆ ಅಕ್ಕಿ ತರುವ ಹಣದಲ್ಲಿ ಗಾಡಿ ತಂದರೆಂದು ಅತ್ತೆ ಒಂದು ವಾರ ಮಾತಾಡಲಿಲ್ಲವಂತೆ. ಎಂಟನೆಯ ದಿನ ಮಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಸೆಂಟ್ ನಗರದ ಕಡಲ ತೀರಕ್ಕೆ ಕರೆದುಕೊಂಡು ಹೋದರಂತೆ. ಅಂದಿನಿಂದ ಭಾನುವಾರದ ಬೆಳಗಿನ ಆ ಸವಾರಿ ಅವರ ಮನೆಯಲ್ಲಿ ಪೂಜೆಯಷ್ಟೇ ನಿಯಮವಾಗಿಬಿಟ್ಟಿತು.

ವಿಲಾಯತಿಯ ಆ ಗಾಡಿಗೆ ಚೆನ್ನೈಯಲ್ಲಿ ಬಿಡಿಭಾಗ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಅಲ್ಲೊಂದು ಸ್ವಾರಸ್ಯವಿದೆ. ಸ್ಪಿಟ್‌ಫೈರನ್ನು ಕಟ್ಟಿದ್ದು 1959ರಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡ್ ಎಂಬ ಸಂಸಾರಿಗರ ಕಾರಿನ ಮೂಳೆಗಳಿಂದ. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಆ ಹೆರಾಲ್ಡನ್ನೇ 1961ರಿಂದ ನಮ್ಮ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಎಂಬ ಕಂಪನಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಎಂಬ ಹೆಸರಿನಿಂದ ತಯಾರಿಸಿತು. ವಾಚಕರಲ್ಲಿ ಹಿರಿಯರಾದವರು ಆ ಗಾಡಿಯನ್ನು ಕಂಡಿರುತ್ತೀರಿ; ಕೆಲವರು ಅದರಲ್ಲೇ ತಿರುಪತಿಗೆ ಹೋಗಿ ಬಂದಿರಲೂಬಹುದು. ಹೀಗಾಗಿ ಸ್ಪಿಟ್‌ಫೈರಿನ ಹಿಂಭಾಗದ ಡಿಫರೆನ್ಷಿಯಲ್ಲಿಗೂ ಹೆರಾಲ್ಡಿನದಕ್ಕೂ ದಾಯಾದಿ ಸಂಬಂಧ. ಒಂದರದು ಇನ್ನೊಂದಕ್ಕೆ ಕೂರುತ್ತದೆ. ಆದರೆ ದಾಯಾದಿಗಳೆಲ್ಲ ಒಂದೇ ಸ್ವಭಾವದವರಾಗಿರುವುದಿಲ್ಲವೆಂಬುದನ್ನು ನಾನು ಮರೆತಿದ್ದೆ.

ಡಿಫರೆನ್ಷಿಯಲ್ಲೆಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ನಮ್ಮ ಎತ್ತಿನ ಗಾಡಿಯನ್ನು ನೆನೆಯಿರಿ. ಅದರ ಅಚ್ಚು ತಿರುಗುವುದಿಲ್ಲ. ಗಾಲಿಗಳೆರಡು ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಮೆ. ಎಳೆಯುವವು ಎತ್ತುಗಳಾದ್ದರಿಂದ ಗಾಲಿಗಳಿಗೆ ತಕರಾರಿಲ್ಲ. ಮೋಟಾರಿನಲ್ಲಿ ಹಾಗಲ್ಲ, ಎಂಜಿನ್ನು ಗಾಲಿಗಳನ್ನೇ ಹಿಡಿದು ತಿರುಗಿಸಬೇಕು. ಎರಡನ್ನೂ ಒಂದೇ ಸಲಾಕಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲ ಕೆರೆಯುತ್ತ ಟೈರು ಸವೆಸುತ್ತದೆ. ಆದ್ದರಿಂದ ನಡುವೆ ಒಂದು ಕಬ್ಬಿಣದ ಪೆಟ್ಟಿಗೆಯಿಟ್ಟು, ಅದರೊಳಗೆ ಪುಟ್ಟ ಹಲ್ಲುಗಾಲಿಗಳನ್ನು ಕೂಡಿಸಿ, ಎರಡು ಗಾಲಿಗಳಿಗೂ ಸಮನಾದ ಬಲ ಕೊಟ್ಟು, ಅವುಗಳ ಓಟವನ್ನು ಅವುಗಳಿಗೇ ಬಿಟ್ಟಿದ್ದಾರೆ. ಒಬ್ಬ ಮಗ ಊರಲ್ಲಿ, ಒಬ್ಬ ಮಗ ಪರಊರಲ್ಲಿ ಇರುವ ನಮ್ಮಂಥ ಮನೆಗಳನ್ನು ಜಗಳವಿಲ್ಲದೆ ನಡೆಸುವ ತಾಯಿಯಂತೆ ಈ ಪೆಟ್ಟಿಗೆಯೆಂದು ತಿಳಿದರೆ ಸಾಕು.

ಅದಕ್ಕೆ ಇನ್ನೊಂದು ಕೆಲಸವೂ ಉಂಟು. ಎಂಜಿನ್ನಿನಿಂದ ಬರುವ ಉದ್ದ ಶಾಫ್ಟು ಬಲು ಬೇಗ ಸುತ್ತುತ್ತದೆ. ಆ ವೇಗವನ್ನು ತಗ್ಗಿಸಿ, ಬಲವನ್ನು ಹೆಚ್ಚಿಸಿ ಗಾಲಿಗೆ ಒಪ್ಪಿಸಬೇಕು. ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಹಲ್ಲುಗಾಲಿಗೆ ಪಿನಿಯನ್ನೆಂದೂ, ಅದು ತಿರುಗಿಸುವ ದೊಡ್ಡದಕ್ಕೆ ಕ್ರೌನೆಂದೂ ಹೆಸರು. ಪಿನಿಯನ್ನಿನಲ್ಲಿ 9 ಹಲ್ಲು, ಕ್ರೌನಿನಲ್ಲಿ 37 ಹಲ್ಲು ಇದ್ದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು 4.11 ಸುತ್ತು ಬಂದಿರುತ್ತದೆ. ಮಾವನ ಗಾಡಿಯ ಲೆಕ್ಕ ಇದೇ. ಕೇವಲ 948 ಸಿ.ಸಿ. ಎಂಜಿನ್ನಿನ ಮೊದಲ ಹೆರಾಲ್ಡಿಗೆ ಸಂಸಾರದ ಭಾರವನ್ನು ದಿಣ್ಣೆ ಹತ್ತಿಸುವಷ್ಟು ತ್ರಾಣ ಬೇಕಾದ್ದರಿಂದ, ಅದರ ಸೆಡಾನಿನಲ್ಲಿ 8 ಹಲ್ಲಿಗೆ 39 ಹಲ್ಲು ಇಟ್ಟಿದ್ದರು, ಅಂದರೆ 4.875 ಸುತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕುಂಬಳಕಾಯಿ.

2022ರ ಬೇಸಿಗೆಯಲ್ಲಿ ಮಾವನ ಗಾಡಿ ಹಿಂದಿನಿಂದ ಅಳಲಾರಂಭಿಸಿತು. ಆಕ್ಸಿಲರೇಟರು ಒತ್ತಿದರೆ ಕುಯ್ಯೆನ್ನುವುದು, ಬಿಟ್ಟರೆ ಗೊರಗೊರ, ಗೇರು ಹಾಕಿದೊಡನೆ ಠಣ್ಣೆಂದು ಪೆಟ್ಟು. ರಾಯಪೇಟೆಯ ಮುದುಕ ಮೆಕ್ಯಾನಿಕ್ ಎಣ್ಣೆ ಇಳಿಸಿ ಅಂಗೈಯಲ್ಲಿ ಉಜ್ಜಿ ನೋಡಿ, "ಇದರಲ್ಲಿ ಎಣ್ಣೆಗಿಂತ ಕಬ್ಬಿಣದ ಪುಡಿಯೇ ಜಾಸ್ತಿ, ಸಾರ್. ಹಲ್ಲು ಹೋಗಿದೆ. ಬೇರೆಯದನ್ನು ಹುಡುಕೋಣ. ಆದರೆ ಮಗಳ ಹೆರಿಗೆಗೆ ನಾನು ಊರಿಗೆ ಹೋಗಬೇಕು, ಬರುವತನಕ ಏನನ್ನೂ ಕೊಳ್ಳಬೇಡಿ," ಎಂದ.

ಕಾಯಬಹುದಿತ್ತು. ಆದರೆ ಆ ತಿಂಗಳಲ್ಲೇ ಮಾವನಿಗೆ ಎಪ್ಪತ್ತು ತುಂಬಿ ಭೀಮರಥ ಶಾಂತಿ ನಿಶ್ಚಯವಾಗಿತ್ತು. ಶಾಂತಿಯ ದಿನ ಅತ್ತೆಯನ್ನು ಕೂರಿಸಿಕೊಂಡು ತಾವೇ ಗಾಡಿ ನಡೆಸಿ ದೇವಸ್ಥಾನಕ್ಕೆ ಹೋಗಬೇಕೆಂಬುದು ಅವರ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ, ಅತ್ತೆ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದ್ದರು. ಹದಿನಾರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ನನ್ನನ್ನು ಚೆನ್ನೈಗೆ ಕರೆತಂದು ಓದಿಸಿದವರು ಮಾವ. ಅವರಿಗಾಗಿ ನಾನು ಮಾಡಬಹುದಾದ ಕೆಲಸವೊಂದು ಕಡೆಗೂ ಸಿಕ್ಕಿತೆಂದು ಹಿಗ್ಗಿದೆ. ಮಾವ ಕೊಟ್ಟ ಹಣವನ್ನು ಜೇಬಿನಲ್ಲಿಟ್ಟುಕೊಂಡು ಪುದುಪೇಟೆಗೆ ಹೊರಟೆ.

ದೆಹಲಿಯವರಿಗೆ ಮಾಯಾಪುರಿ, ಮುಂಬಯಿಯವರಿಗೆ ಕುರ್ಲಾ, ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಹೇಗೋ, ಚೆನ್ನೈಯವರಿಗೆ ಎಗ್ಮೋರಿನ ಬಳಿ, ಕೂವಂ ನದಿಯ ದಂಡೆಯ ಪುದುಪೇಟೆ ಹಾಗೆ. ನಾನು ಹೋದಾಗ ಕಂಡ ನೋಟ ಹೇಳುತ್ತೇನೆ: ಒಂದು ಅಂಗಡಿಯ ಮುಂದೆ ಬಾಗಿಲುಗಳದೇ ಗೋಡೆ, ಇನ್ನೊಂದರಲ್ಲಿ ದೀಪಗಳು ಹಲಸಿನ ಕಾಯಿಗಳಂತೆ ಜೋತುಬಿದ್ದಿವೆ, ಮತ್ತೊಂದರಲ್ಲಿ ಎಂಜಿನ್ನುಗಳು ಮದುವೆ ಮನೆಯ ಹಂಡೆಗಳಂತೆ ಸಾಲಾಗಿ ಕೂತಿವೆ. ಒಂದು ಸಂದಿಯಲ್ಲಿ ಅಂಗಡಿಯಾತ ನನ್ನ ಮಾತು ಕೇಳಿ, ಗೋಣಿ ಸರಿಸಿ, ಕಪ್ಪಗೆ ಮಿರುಗುವ ಪೆಟ್ಟಿಗೆಯೊಂದನ್ನು ತೋರಿಸಿದ. "ಹೆರಾಲ್ಡಿನದು. ಸ್ಪಿಟ್‌ಫೈರಿಗೂ ಕೂರುತ್ತದೆ. ಶಬ್ದವಿಲ್ಲ, ತಿರುಗಿಸಿ ನೋಡಿ," ಎಂದ. ತಿರುಗಿಸಿದೆ, ಬೆಣ್ಣೆಯಂತೆ ತಿರುಗಿತು. ಹದಿನೆಂಟು ಸಾವಿರದಿಂದ ಹದಿನಾಲ್ಕು ಸಾವಿರಕ್ಕೆ ಇಳಿಸಿದೆನೆಂಬ ಹೆಮ್ಮೆಯಲ್ಲಿ ಹಣ ಎಣಿಸಿ ಕೊಟ್ಟೆ. ಹಣವನ್ನು ಮಾತ್ರ ಎಣಿಸಿದೆ, ನೋಡಿ!

ಮೆಕ್ಯಾನಿಕ್ಕನ ಶಿಷ್ಯ ಹುಡುಗ ಎರಡು ದಿನ ಒದ್ದಾಡಿ ಅದನ್ನು ಗಾಡಿಗೆ ಕೂರಿಸಿದ. ಈ ಗಾಡಿಗಳಲ್ಲಿ ಡಿಫರೆನ್ಷಿಯಲ್ಲಿನ ತಲೆಯ ಮೇಲೇ ಅಡ್ಡಪಟ್ಟಿಯ ಸ್ಪ್ರಿಂಗು ಕೂತಿರುವುದರಿಂದ ಬಿಚ್ಚುವುದೂ ಕಷ್ಟ, ಕಟ್ಟುವುದೂ ಕಷ್ಟ. ಶಾಂತಿಗೆ ಮೂರು ದಿನ ಮೊದಲು ಮಾವನೂ ನಾನೂ ಮರೀನಾ ದಂಡೆಯ ರಸ್ತೆಯಲ್ಲಿ ಗಾಡಿ ಬಿಟ್ಟೆವು. ಅಳುವಿಲ್ಲ, ಪೆಟ್ಟಿಲ್ಲ. ನಾನು ಮೀಸೆ ತಿರುವುವುದರಲ್ಲಿದ್ದೆ. ಆಗ ಮಾವ, "ಏನೋ ಇದು? ಮುಳ್ಳು ಮೂವತ್ತು ಮೈಲಿ ಅಂತಿದೆ, ಎಂಜಿನ್ನು ಬಾಯಿ ಬಡಕೊಳ್ತಿದೆ, ಆದರೆ ಆ ಟೌನ್ ಬಸ್ಸು ನಮ್ಮನ್ನು ಹಿಂದೆ ಹಾಕ್ಕೊಂಡು ಹೋಗ್ತಿದೆಯಲ್ಲೋ!" ಎಂದರು.

ಸಂಜೆ ಹುಡುಗ ಫೋನಿನಲ್ಲಿ ಗುರುವನ್ನು ಕೇಳಿದ. ಗುರು ಒಂದೇ ಮಾತು ಕೇಳಿದನಂತೆ: "ಹಲ್ಲು ಎಷ್ಟು?" ಯಾರೂ ಎಣಿಸಿರಲಿಲ್ಲ. ಆ ಮೇಲೆ ಎಣಿಸಿದೆವು. ಎಂಟು, ಮೂವತ್ತೊಂಬತ್ತು. ಗಾಡಿಯ ವೇಗಸೂಚಕ ಗೇರ್‌ಪೆಟ್ಟಿಗೆಯಿಂದ ಲೆಕ್ಕ ತೆಗೆದುಕೊಳ್ಳುವುದರಿಂದ, ಡಿಫರೆನ್ಷಿಯಲ್ಲು ಬದಲಾದದ್ದು ಅದಕ್ಕೆ ತಿಳಿಯದು. ಅದು ಮೂವತ್ತೆಂದರೆ ನಿಜವಾದ ವೇಗ ಇಪ್ಪತ್ತೈದೇ. ಎಂಜಿನ್ನೋ, ಅದೇ ದಾರಿಗೆ ನೂರು ಸುತ್ತಿನ ಬದಲು ಸುಮಾರು ನೂರ ಹತ್ತೊಂಬತ್ತು ಸುತ್ತು ಸುತ್ತಬೇಕು. ಪೆಟ್ಟಿಗೆ ಕೆಟ್ಟದ್ದಲ್ಲ, ನಮ್ಮ ಗಾಡಿಗಲ್ಲ, ಅಷ್ಟೆ.

ಬಿಚ್ಚಿ ಕಟ್ಟಲು ಸಮಯವಿರಲಿಲ್ಲ. ಆ ಸ್ಥಿತಿಯಲ್ಲಿ ಗಾಡಿ ಓಡಿಸಲು ಮಾವ ಒಪ್ಪಲಿಲ್ಲ. ಭೀಮರಥ ಶಾಂತಿಯ ದಿನ ಮಾವ ಅತ್ತೆ ಇಬ್ಬರೂ ಹೂಮಾಲೆ ಹಾಕಿಕೊಂಡು ಆಟೋರಿಕ್ಷಾದಲ್ಲಿ ದೇವಸ್ಥಾನಕ್ಕೆ ಹೋದರು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ಮಾರುವ ಪ್ರಕರಣ. ಹಣವನ್ನಾದರೂ ಮಾವನಿಗೆ ಹಿಂದಿರುಗಿಸೋಣವೆಂದು ಹಳೆಯ ಗಾಡಿಗಳ ಅಭಿಮಾನಿಗಳು ಪರಸ್ಪರ ಸುದ್ದಿ ಹಂಚಿಕೊಳ್ಳುವಲ್ಲಿ ನಾನೂ ಒಂದು ಪ್ರಕಟಣೆ ಹಾಕಿದೆ: "ಹೆರಾಲ್ಡ್–ಸ್ಪಿಟ್‌ಫೈರ್ ಡಿಫರೆನ್ಷಿಯಲ್ಲು. ಶಬ್ದವಿಲ್ಲ. ಸುಸ್ಥಿತಿಯಲ್ಲಿದೆ." ಕಚೇರಿಯ ಟಿಪ್ಪಣಿ ಬರೆದು ಪಳಗಿದ ಕೈ, ಒಂದು ಪದವೂ ಸುಳ್ಳಲ್ಲ. ಎರಡೇ ದಿನದಲ್ಲಿ ಬೆಂಗಳೂರಿನ ತರುಣನೊಬ್ಬ ಫೋನು ಮಾಡಿದ. ಅವನದೂ ಸ್ಪಿಟ್‌ಫೈರು, ತಂದೆಯ ಕಾಲದ್ದು. ಇಪ್ಪತ್ತು ಸಾವಿರ ಕೊಡುತ್ತೇನೆಂದ. ಚಿತ್ರ ನೋಡಿದ, ಕನ್ನಡದಲ್ಲಿ ಮಾತಾಡಿದೆನೆಂದು ಸಂತೋಷಪಟ್ಟ, "ನಮ್ಮವರೇ ಅಂದಮೇಲೆ ಇನ್ನೇನು ಸಾರ್," ಎಂದು ಐದು ಸಾವಿರ ಮುಂಗಡವನ್ನು ಆಗಲೇ ಕಳಿಸಿಬಿಟ್ಟ. ಹಲ್ಲಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಸಂಜೆ ಸಡಗರದಿಂದ ಮಾವನ ಮನೆಗೆ ಹೋಗಿ, "ಮಾವ, ಹದಿನಾಲ್ಕಕ್ಕೆ ಕೊಂಡದ್ದು ಇಪ್ಪತ್ತಕ್ಕೆ ಹೋಯಿತು," ಎಂದೆ. ಮಾವ ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಅವನ ಗಾಡಿ ಯಾವುದು?"

"ಸ್ಪಿಟ್‌ಫೈರೇ."

"ಹಲ್ಲು ಎಷ್ಟು ಅಂತ ಹೇಳಿದೆಯಾ?"

"ಅವರು ಕೇಳಲಿಲ್ಲ, ಮಾವ."

"ಪುದುಪೇಟೆಯವನನ್ನು ಈಗ ಹೋಗಿ ಕೇಳಿದರೆ ಅವನೂ ಅದನ್ನೇ ಹೇಳ್ತಾನೆ. ನೀವು ಕೇಳಲಿಲ್ಲ, ಸಾರ್ ಅಂತ. ಅವನಿಗೆ ಒಳಗೆ ಎಷ್ಟು ಹಲ್ಲಿದೆ ಅಂತ ಗೊತ್ತಿತ್ತೋ ಇಲ್ಲವೋ. ನಿನಗೆ ಗೊತ್ತಿದೆಯಲ್ಲೋ."

ಅಷ್ಟೇ ಹೇಳಿ ಲೋಟ ಎತ್ತಿಕೊಂಡರು. ಮಾವ ನನಗೆ ಅಂಕಗಣಿತ ಕಲಿಸಿದವರು. ಲೆಕ್ಕ ತಪ್ಪಾದರೆ ಹೊಡೆಯುತ್ತಿರಲಿಲ್ಲ, ತಪ್ಪಾದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಿರುತ್ತಿದ್ದರು. ಅಂದೂ ಹಾಗೆಯೇ.

ಮನೆಗೆ ಬಂದು ಹೆಂಡತಿಯೊಡನೆ ವಾದ ಮಾಡಿದೆ. ಕೊಳ್ಳುವವನು ನೋಡಿ ಕೊಳ್ಳಬೇಕಲ್ಲವೆ? ನನಗೆ ಯಾರು ಹೇಳಿದರು? ಆಕೆ, "ಅವನ ಮನೆಯಲ್ಲೂ ಒಬ್ಬರು ಆಟೋರಿಕ್ಷಾದಲ್ಲಿ ಹೋಗಬೇಕಾದೀತು," ಎಂದು ದೀಪ ಆರಿಸಿದಳು. ಅವಳಿಗೇನು, ನಿದ್ದೆ ಬಂತು.

ಬೆಳಗ್ಗೆ ಕಚೇರಿಗೆ ಹೋಗುವ ಮುನ್ನ ತರುಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ: ಎಂಟು, ಮೂವತ್ತೊಂಬತ್ತು, ನಿಮ್ಮ ಗಾಡಿಗೆ ಕೂರುತ್ತದೆ, ಆದರೆ ಒಗ್ಗುವುದಿಲ್ಲ, ನಿನ್ನೆಯೇ ಹೇಳಬೇಕಿತ್ತು, ಹೇಳಲಿಲ್ಲ. ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೇಳಬೇಕೂಂತ ನನಗೂ ಹೊಳೀಲಿಲ್ಲ, ಸಾರ್," ಎಂದ. ಅವನ ಐದು ಸಾವಿರವನ್ನು ಆ ಗಳಿಗೆಯಲ್ಲೇ ತಿರುಗಿಸಿದೆ. ಇಪ್ಪತ್ತು ಸಾವಿರ ಕೈಬಿಟ್ಟಿತು; ಎದೆಯ ಮೇಲಿಂದ ಕಬ್ಬಿಣದ ಪೆಟ್ಟಿಗೆಯೊಂದು ಇಳಿಯಿತು.

ಪ್ರಕಟಣೆಯನ್ನು ತಿದ್ದಿ ಹಲ್ಲಿನ ಲೆಕ್ಕ ಬರೆದೆ. ಒಂದು ತಿಂಗಳು ಯಾರೂ ಕೇಳಲಿಲ್ಲ. ಆಮೇಲೆ ಹೊಸೂರಿನಿಂದ ನಿವೃತ್ತ ಮೇಷ್ಟರೊಬ್ಬರು ಬಂದರು. ಅವರಲ್ಲಿ ಇದ್ದದ್ದು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡು. ಅದರ ಹಲ್ಲು ಎಂಟಕ್ಕೆ ಮೂವತ್ತೊಂಬತ್ತೇ! "ಸ್ಪಿಟ್‌ಫೈರಿನದು ಅಂತ ಹಾಕಿದ್ದರೆ ನಾನು ಇತ್ತ ತಿರುಗಿಯೂ ನೋಡ್ತಿರಲಿಲ್ಲ. ಹಲ್ಲು ಬರೆದಿದ್ರಿ, ಬಂದೆ," ಎಂದರು. ತಾವೇ ನೆಲದಲ್ಲಿ ಕೂತು ಎಣಿಸಿದರು. ಬೆಲೆಯ ಮಾತು ಬಂದಾಗ ಮಾವ ತಮ್ಮ ಅಂಗವಸ್ತ್ರವನ್ನು ಕೈಮೇಲೆ ಹಾಕಿಕೊಂಡು, "ಬನ್ನಿ ಮೇಷ್ಟ್ರೇ, ಜಾತ್ರೆಯ ಹಾಗೇ ಆಗಲಿ," ಎಂದರು. ಇಬ್ಬರು ಮುದುಕರೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ನಕ್ಕದ್ದೇ ನಕ್ಕದ್ದು. ಹನ್ನೊಂದು ಸಾವಿರಕ್ಕೆ ವ್ಯಾಪಾರ ಕುದುರಿತು. ಮೂರು ಸಾವಿರ ನಷ್ಟ. ಅದನ್ನು ನಾನು ಕಟ್ಟಿಕೊಟ್ಟೆ.

ಇತ್ತ ಬೆಂಗಳೂರಿನ ತರುಣ ನನ್ನನ್ನು ಮರೆತಿರಲಿಲ್ಲ. ಪುಣೆಯಲ್ಲೊಬ್ಬರ ಬಳಿ ಒಂಬತ್ತಕ್ಕೆ ಮೂವತ್ತೇಳರ ಪೆಟ್ಟಿಗೆಗಳು ಎರಡಿವೆಯೆಂದು ಪತ್ತೆ ಮಾಡಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನಮಗೆ ಬಿಟ್ಟುಕೊಟ್ಟ. ಬೆಲೆ ಇಪ್ಪತ್ತೆರಡು ಸಾವಿರ. ಈ ಬಾರಿ ಮುದುಕ ಮೆಕ್ಯಾನಿಕ್ಕನೇ ಮುಂದೆ ಕೂತು ನನಗೆ ಪರೀಕ್ಷೆಯ ಕ್ರಮವನ್ನು ಕಲಿಸಿದ. ವಾಚಕರಿಗೂ ಉಪಯೋಗವಾದೀತು.

ಪೆಟ್ಟಿಗೆ ಬಿಚ್ಚದೆಯೂ ಹಲ್ಲಿನ ಲೆಕ್ಕ ಹಿಡಿಯಬಹುದು. ಎರಡು ಪಕ್ಕದ ಚಾಚುಗಳಲ್ಲಿ ಒಂದನ್ನು ಅಲುಗದಂತೆ ಹಿಡಿಯಿರಿ. ಇನ್ನೊಂದಕ್ಕೂ, ಮುಂದಿನ ಶಾಫ್ಟಿನ ಚಾಚಿಗೂ ಸುಣ್ಣದ ಕಡ್ಡಿಯಿಂದ ಗುರುತು ಹಾಕಿರಿ. ಪಕ್ಕದ್ದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿರಿ. ಮುಂದಿನದು ನಾಲ್ಕು ಸುತ್ತು ದಾಟಿ ತುಸುವೇ ಹೋದರೆ 4.11; ಐದಕ್ಕೆ ತುಸು ಕಡಮೆಯಾದರೆ 4.875. ಒಂದೇ ಸುತ್ತು ತಿರುಗಿಸಿದರೆ ಲೆಕ್ಕ ಅರ್ಧವಾಗುತ್ತದೆ, ಮೋಸಹೋಗಬೇಡಿ. ಹೊರಗಿನ ಕವಚದ ಮೇಲಿನ ಸಂಖ್ಯೆಯನ್ನೇ ನಂಬಬಾರದು. ಅಷ್ಟು ವರ್ಷಗಳಲ್ಲಿ ಯಾರಾದರೂ ಒಳಗಿನದನ್ನು ಬದಲಿಸಿರಬಹುದು. ಎಣ್ಣೆ ಇಳಿಸಿ ನೋಡಬೇಕು: ಬೆಳ್ಳಿಯ ಬಣ್ಣದ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಸವೆದಿದೆ, ಚಿನ್ನದ ಬಣ್ಣದ ಪುಡಿಯಿದ್ದರೆ ಒಳಗಿನ ಕಂಚಿನ ವಾಷರು ಸವೆದಿದೆ. ಎಣ್ಣೆ ಜಿಡ್ಡುಗಟ್ಟಿ ಅತಿ ಮಂದವಾಗಿದ್ದರೂ ಸಂಶಯಪಡಿರಿ. ಗರಗಸದ ಹುಡಿಯನ್ನು ಎಣ್ಣೆಗೆ ಬೆರೆಸಿ ಅಳುವ ಹಲ್ಲಿನ ಬಾಯಿ ಮುಚ್ಚಿಸುವುದು ಬಲು ಹಳೆಯ ವಿದ್ಯೆ. ಬೆಣ್ಣೆಯಂತೆ ತಿರುಗುವುದೆಲ್ಲ ಬೆಣ್ಣೆಯಲ್ಲ.

ಇನ್ನೊಂದು ಮಾತು. ಕ್ರೌನನ್ನು ಒಬ್ಬರಿಂದಲೂ ಪಿನಿಯನ್ನನ್ನು ಇನ್ನೊಬ್ಬರಿಂದಲೂ ಕೊಳ್ಳಬಾರದು. ಕಾರ್ಖಾನೆಯಲ್ಲೇ ಅವೆರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ವರ್ಷಗಟ್ಟಲೆ ಕೂಡಿ ಸವೆದ ಮೇಲಂತೂ ಬೇರೆ ಜೊತೆಗೆ ಒಗ್ಗುವುದೇ ಇಲ್ಲ. ಇದನ್ನು ಮೆಕ್ಯಾನಿಕ್ ಹೇಳುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಮಾವನ ಮುಖ ನೋಡಿ ನಕ್ಕರು. ಕೊನೆಯದಾಗಿ, ಎಷ್ಟೇ ಚಿಕ್ಕ ಅಂಗಡಿಯಾದರೂ ರಸೀದಿ ಕೇಳಿ ಪಡೆಯಿರಿ. ಗುಮಾಸ್ತ ಹೇಳುತ್ತಾನೆಂದು ನಗಬೇಡಿ. ಕದ್ದ ಮಾಲಾದರೆ ನಾಳೆ ಉತ್ತರ ಹೇಳಬೇಕಾದವರು ನೀವು.

ಕೊಳ್ಳುವವನ ವಿದ್ಯೆ ಇಷ್ಟಾದರೆ, ಮಾರುವವನದು ಇದಕ್ಕಿಂತ ಸುಲಭ. ತನಗೆ ತಿಳಿದದ್ದನ್ನು ಕೇಳುವ ಮುನ್ನವೇ ಹೇಳುವುದು. ಒಬ್ಬನಿಗೆ ಒಗ್ಗದ್ದು ಇನ್ನೊಬ್ಬನಿಗೆ ಬೇಕಾದ್ದೇ ಆಗಿರುತ್ತದೆ. ಆದರೆ ಲೆಕ್ಕವನ್ನು ಮುಚ್ಚಿಟ್ಟರೆ ಬೇಕಾದವನಿಗೆ ಅದು ಕಾಣುವುದು ಹೇಗೆ? ಪರಊರಿನಲ್ಲಿ ಕನ್ನಡದ ಮಾತು ಕೇಳಿದೊಡನೆ 'ನಮ್ಮವರೇ' ಎಂದು ನಂಬಿಬಿಡುತ್ತೇವೆ. ಆ ನಂಬಿಕೆಯನ್ನು ಆರು ಸಾವಿರ ಲಾಭಕ್ಕೆ ಮಾರುವುದರಲ್ಲಿದ್ದೆನಲ್ಲ ಎಂದು ಈಗಲೂ ಮೈ ಬೆವರುತ್ತದೆ.

ಆ ವರ್ಷದ ದೀಪಾವಳಿ ಕಳೆದ ಮೇಲಿನ ಮೊದಲ ಭಾನುವಾರ ಮಾವ ಅತ್ತೆಯನ್ನು ಕೂರಿಸಿಕೊಂಡು ಕಡಲ ತೀರಕ್ಕೆ ಹೊರಟರು. ಗಾಡಿ ಅಳಲಿಲ್ಲ, ಅರಚಲಿಲ್ಲ. ಇಬ್ಬರೇ ಕೂರುವ ಗಾಡಿಯಾದ್ದರಿಂದ ನಾನು ಗೇಟಿನಲ್ಲೇ ನಿಂತೆ. ಬೀದಿಯ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಉರುಳಿತು, ಒಳಗಿನದು ಕಡಮೆ ಉರುಳಿತು. ಎರಡೂ ಒಟ್ಟಿಗೇ ತಿರುವು ದಾಟಿದವು.